ಪೊದೆಯಮ್ಮನ ಸೈಟು

ಹಾಸನ
9-11-1997

ಟೀಚರಮ್ಮನವರಿಗೆ ನಂಜಮ್ಮ ಮಾಡುವ ನಮಸ್ಕಾರ.

‘ಇಲ್ಲಿ ನಾವೆಲ್ಲ ಕ್ಷೇಮ’ ಎಂದು ಮೊದಲ ಸಾಲು ಬರೆಯಬೇಕು ಅಂತ ಹರದನಹಳ್ಳಿ ಸ್ಕೂಲಿನಲ್ಲಿ ನೀವೇ ಹೇಳಿಕೊಟ್ಟಿದ್ದಿರಿ. ನಾಲ್ಕನೇ ಕ್ಲಾಸಿಗೆ ಬಿಟ್ಟು, ಮತ್ತೆ ಸೇರಿ, ಏಳರಲ್ಲಿ ಪರೀಕ್ಷೆಗೆ ಮುಂಚೆ ಮತ್ತೆ ಬಿಟ್ಟವಳಾದರೂ ಆ ಸಾಲು ಮರೆತಿಲ್ಲ. ಆದರೆ ಈಗ ಹಾಗೆ ಬರೆದರೆ ಸುಳ್ಳಾಗುತ್ತದೆ. ಬರೆಯದಿದ್ದರೆ ನಿಮಗೆ ಗಾಬರಿಯಾಗುತ್ತದೆ. ಅರ್ಧ ಕ್ಷೇಮ ಎಂದು ತಿಳಿದುಕೊಳ್ಳಿ.

ನೀವು ಹೇಳಿದ ಹಾಗೆ ನಿಮ್ಮ ಸೈಟಿನಲ್ಲಿ ಕತ್ತಿ ಆಡಿಸಿಲ್ಲ. ಕಾಂಗ್ರೆಸ್ ಗಿಡ ಮಾತ್ರ ಕಿತ್ತೆ. ಲಂಟಾನ ಬಿಟ್ಟೆ. ಗಸಗಸೆ ಹಣ್ಣಿನ ಗಿಡ ನನ್ನ ಭುಜದೆತ್ತರ ಬಂದಿದೆ, ಹಿಪ್ಪುನೇರಳೆ ಅದಕ್ಕಿಂತ ಜಾಸ್ತಿ. ಮಳೆ ಬಿದ್ದಾಗ ಎರಚಿದ ನವಣೆ ತೆನೆಗೆ ರಾಟವಾಳ ಹಕ್ಕಿಗಳು ಹಿಂಡು ಹಿಂಡಾಗಿ ಬಂದು ತಿಂದು ಹೋದವು. ಬಾನಿಯ ನೀರಿಗೆ ಪಿಕಳಾರ ಬರುತ್ತದೆ. ಪೊದೆಯೊಳಗೆ ಒಂದು ಕೆಂಬೂತ ಮುದುಕರ ಹಾಗೆ ಗುಮ್ಮೆನ್ನುತ್ತದೆ. ಇದೆಲ್ಲ ನೋಡಿದರೆ ಸಂತೋಷವಾಗುತ್ತದೆ. ಆದರೆ ಸಂತೋಷದ ಹಿಂದೆಯೇ ಭಯ ಬರುತ್ತದೆ, ನನ್ನ ಸ್ವಭಾವ ನಿಮಗೆ ಗೊತ್ತಲ್ಲ.

ಸೈಟಿನ ಆ ಕಡೆ ಹೊಸ ಮನೆ ಕಟ್ಟಿಸಿರುವ ಷಡಕ್ಷರಿಯವರು, ರಿಟೈರಾದವರು, ದಿನಾ ಗೇಟಿನಲ್ಲಿ ನಿಂತು ಒಂದೇ ಮಾತು. “ಏನಮ್ಮ, ನಿಮ್ ಟೀಚರು ಹೊಳೆನರಸೀಪುರದಲ್ಲಿ ಕೂತ್ಕಂಡು ಇಲ್ಲಿ ಕಾಡು ಸಾಕ್ತಾವ್ರೆ. ಹಾವು ಬಂದು ನನ್ನ ಕಚ್ಚುದ್ರೆ ಅವ್ರು ಬತ್ತಾರಾ ವಿಷ ಇಳಿಸಕ್ಕೆ?” ಒಂದು ದಿನ ಆಳು ಬಿಟ್ಟು ಎಲ್ಲ ಸವರಿಸಿಬಿಡುತ್ತೇನೆ, ಆಮೇಲೆ ನಗರಸಭೆಯವರು ಬಂದರೂ ನನ್ನ ಪರವೇ ಮಾತಾಡುತ್ತಾರೆ ಎಂದರು. ಹಾವು ಬಂದರೆ ಮೊದಲು ಕಚ್ಚುವುದು ನನ್ನನ್ನು, ನಮ್ಮ ಶೀಟಿನ ಮನೆಯ ಬಾಗಿಲು ಆ ಕಡೆಗೇ ಇದೆ. ಅದನ್ನು ಅವರಿಗೆ ಹೇಳಲಿಲ್ಲ. ಹೇಳಿದರೆ ನನಗೇ ಇನ್ನೂ ಹೆದರಿಕೆಯಾಗುತ್ತದೆ.

ನಮ್ಮವರು ಮಂಡಿಯಲ್ಲಿ ಆಲೂಗಡ್ಡೆ ಮೂಟೆ ತೂಗಿ ತೂಗಿ ಸೊಂಟ ಹಿಡಿದುಕೊಂಡಿದ್ದಾರೆ. ನಾನು ಸೈಟು ಕಾಯುತ್ತಿದ್ದೇನೆ. ಷಡಕ್ಷರಿಯವರು ಸವರಿಸಲು ಬಂದರೆ ಏನು ಮಾಡಲಿ ಎಂದು ಬೇಗ ಬರೆಯಿರಿ.

ನಿಮ್ಮ
ನಂಜಮ್ಮ


ಹೊಳೆನರಸೀಪುರ
18-11-1997

ಚಿ. ನಂಜಮ್ಮನಿಗೆ ಆಶೀರ್ವಾದಗಳು.

ಅರ್ಧ ಕ್ಷೇಮ ಎಂಬ ಮಾತನ್ನು ನಾನು ಕಲಿಸಿರಲಿಲ್ಲ. ಚೆನ್ನಾಗಿದೆ, ಇಟ್ಟುಕೊ.

ಷಡಕ್ಷರಿಯವರಿಗೆ ನನ್ನ ವಿಳಾಸ ಕೊಡು. ಬೈಯುವುದಿದ್ದರೆ ನನಗೆ ಬರೆದು ಬೈಯಲಿ. ಹಾವಿಗೆ ಹೆದರಿ ಗಿಡ ಕಡಿಯುವವರು ಕಳ್ಳರಿಗೆ ಹೆದರಿ ಬಾಗಿಲನ್ನೇ ಕಿತ್ತುಹಾಕುತ್ತಾರೇನು?

ನಿನಗೆ ಈ ಸಂಗತಿ ಹೇಳಿದ್ದೇನೋ ಇಲ್ಲವೋ. ನಮ್ಮ ಯಜಮಾನರು ಹಾಸನದ ಆಫೀಸಿನಲ್ಲಿದ್ದ ಕಾಲಕ್ಕೆ ಸಾಯಂಕಾಲ ನಾವಿಬ್ಬರೂ ಈಗ ಸೈಟಿರುವ ಕಡೆಗೇ ನಡೆದುಕೊಂಡು ಹೋಗುತ್ತಿದ್ದೆವು. ಆಗ ಮನೆಗಳಿರಲಿಲ್ಲ. ಕುರುಚಲು ಕಾಡು, ನಡುವೆ ಸಣ್ಣ ನೀರಿನ ಕುಂಟೆ. ಹಕ್ಕಿಗಳ ಗಲಾಟೆಯಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಆಮೇಲೆ ಅದನ್ನೇ ಸಮ ಮಾಡಿ ಬಡಾವಣೆ ಮಾಡಿದರು. ಸೈಟಿಗೆ ಅರ್ಜಿ ಹಾಕಿದವರಲ್ಲಿ ನಾವೂ ಇದ್ದೆವು, ಸಿಕ್ಕಿದ ದಿನ ಬೀದಿಗೆಲ್ಲ ಪೇಡ ಹಂಚಿದೆವು. ಆ ಕಾಡನ್ನು ಕಡಿದವರಲ್ಲಿ ನಾವೂ ಸೇರಿದೆವು ಎಂದು ಹೊಳೆದದ್ದು ಯಜಮಾನರು ತೀರಿಹೋದ ಮೇಲೆ. ನಮ್ಮ ಪಾಲಿಗೆ ಬಂದಷ್ಟು ನೆಲವನ್ನಾದರೂ ಆ ಹಕ್ಕಿಗಳಿಗೆ ವಾಪಸ್ಸು ಕೊಡೋಣ ಎಂದು, ಅಷ್ಟೆ.

ನನ್ನ ಮಗ ಗಿರಿಧರ ಅರಕಲಗೂಡಿನ ಕಾಲೇಜಿನಿಂದ ವರ್ಗ ಮಾಡಿಸಿಕೊಂಡು ಹಾಸನದಲ್ಲಿ ಮನೆ ಕಟ್ಟಿಸುವ ಮಾತಾಡುತ್ತಾನೆ. ಹಾಗೆ ಹೀಗೆ ಎಂದು ಮುಂದಕ್ಕೆ ಹಾಕುತ್ತಿದ್ದೇನೆ. ನೀನು ಸೈಟನ್ನು ಉಳಿಸಿಕೊಡು, ಮಗನನ್ನು ನಾನು ನೋಡಿಕೊಳ್ಳುತ್ತೇನೆ.

ಶ್ರೀರಂಗಮ್ಮ


ಹಾಸನ
3-3-1998

ಟೀಚರಮ್ಮನವರಿಗೆ ನಂಜಮ್ಮನ ನಮಸ್ಕಾರ.

ಈ ಕಾಗದ ಓದುವಾಗ ಪಕ್ಕದಲ್ಲಿ ಯಾರೂ ಇರದ ಹಾಗೆ ನೋಡಿಕೊಳ್ಳಿ. ನೀವು ಇನ್ನು ಮುಂದೆ ಕಾರ್ಡಿನಲ್ಲಿ ಬರೆಯಬೇಡಿ, ಇನ್‌ಲ್ಯಾಂಡಿನಲ್ಲೇ ಬರೆಯಿರಿ. ನಾವಿಲ್ಲದಾಗ ಪೋಸ್ಟಿನವನು ಷಡಕ್ಷರಿಯವರ ಮನೆಗೆ ಕೊಟ್ಟು ಹೋಗುತ್ತಾನೆ, ಅವರು ಓದುತ್ತಾರೆ.

ಸೈಟಿನ ನಡುವೆ ಜಲ್ಲಿ ಚೆಲ್ಲಿದ ಬಯಲಿದೆಯಲ್ಲ, ಅಲ್ಲಿ ತೇನೆಹಕ್ಕಿ ಮೊಟ್ಟೆ ಇಟ್ಟಿದೆ. ಗೂಡು ಗೀಡು ಇಲ್ಲ, ಬರೀ ನೆಲದ ಮೇಲೆ. ಹಳದಿ ಕಾಲು, ಕಣ್ಣಿನ ಮುಂದೆ ಕೆಂಪು. ಮೊಟ್ಟೆಗಳು ಕಲ್ಲಿನ ಬಣ್ಣ, ಪಕ್ಕದಲ್ಲೇ ನಿಂತರೂ ಕಾಣುವುದಿಲ್ಲ. ಅದೇ ಕಷ್ಟ. ಹುಡುಗರು ಕ್ರಿಕೆಟ್ ಚೆಂಡು ಹುಡುಕಲು ನುಗ್ಗುತ್ತಾರೆ. ಮನೆ ಕೆಡವಿದ ಮಣ್ಣನ್ನು ಯಾರೋ ಟ್ರ್ಯಾಕ್ಟರಿನಲ್ಲಿ ತಂದು ಸುರಿದು ಹೋದರು, ಮೊಟ್ಟೆಗೆ ಎರಡೇ ಮಾರು ದೂರ. ಬೇಡ್ರಪ್ಪ ಎಂದರೆ ನಗುತ್ತಾರೆ. ಆ ಹಕ್ಕಿ ಹಾರಿ ಹಾರಿ ಕಿರುಚುವುದನ್ನು ಕೇಳಿ ಕೇಳಿ ನನಗೆ ಎದೆ ಬಡಿತ ಶುರುವಾಯಿತು.

ಕಡೆಗೆ ಏನು ಮಾಡಿದೆ ಎಂದರೆ, ಸುರಿದ ಮಣ್ಣಿನಲ್ಲಿ ಒಂದು ಉದ್ದನೆಯ ಕಲ್ಲಿತ್ತು. ಅದನ್ನು ತೊಳೆದು, ಮೊಟ್ಟೆಯ ಪಕ್ಕ ನೆಟ್ಟು, ಅರಿಶಿನ ಕುಂಕುಮ ಹಚ್ಚಿ ಒಂದು ನಿಂಬೆಹಣ್ಣು ಇಟ್ಟುಬಿಟ್ಟೆ.

ಮಾರನೇ ದಿನದಿಂದ ಒಬ್ಬರೂ ಆ ಕಡೆ ಕಾಲಿಟ್ಟಿಲ್ಲ. ಚೆಂಡು ಬಿದ್ದರೆ ಹುಡುಗರು ಬೇರೆ ಚೆಂಡು ತರುತ್ತಾರೆ. ಟ್ರ್ಯಾಕ್ಟರಿನವನು ಕುಂಕುಮ ನೋಡಿ ಹಿಂದಕ್ಕೆ ಹೊಡೆದುಕೊಂಡು ಹೋದ. ಹಕ್ಕಿ ನೆಮ್ಮದಿಯಾಗಿ ಕಾವು ಕೂತಿದೆ. ನೆಮ್ಮದಿ ಇಲ್ಲದವಳು ನಾನೊಬ್ಬಳೇ. ದೇವರ ಹೆಸರಿನಲ್ಲಿ ಸುಳ್ಳು ಇಟ್ಟೆನಲ್ಲ, ತಪ್ಪಾಯಿತಾ ಟೀಚರಮ್ಮ? ಮಂತ್ರ ಗಿಂತ್ರ ಏನೂ ಹೇಳಿಲ್ಲ. ಯಾವ ದೇವರನ್ನೂ ಮನಸ್ಸಿನಲ್ಲಿ ನೆನೆಸಿಕೊಂಡಿಲ್ಲ. ಆದಷ್ಟು ಏನನ್ನೂ ನೆನೆಸಿಕೊಳ್ಳದೆ ಹಚ್ಚಿದೆ.

ನಂಜಮ್ಮ


ಹೊಳೆನರಸೀಪುರ
10-3-1998

ಚಿ. ನಂಜಮ್ಮನಿಗೆ,

ಕಾಗದ ಓದಿ ಒಬ್ಬಳೇ ನಕ್ಕೆ. ನಗರಸಭೆಯ ಬೋರ್ಡು ಮಾಡದ ಕೆಲಸವನ್ನು ಒಂದು ಚಿಟಿಕೆ ಕುಂಕುಮ ಮಾಡಿತು. ಗಂಡಸರು ಕಾಂಪೌಂಡಿನ ಮೇಲೆ ದೇವರ ಚಿತ್ರ ಬರೆಸುತ್ತಾರಲ್ಲ, ಯಾಕೆಂದು ನಿನಗೂ ಗೊತ್ತು. ಅವರಿಗಿಲ್ಲದ ಪಾಪ ನಿನಗೆಲ್ಲಿಂದ ಬಂತು? ಕಲ್ಲು ಕಲ್ಲೇ. ಮರಿಗಳಾಗಿ ಹಾರಿಹೋದ ಮೇಲೆ ಕಿತ್ತು ಬಿಸಾಡಿದರಾಯಿತು.

ಮೊಟ್ಟೆ ಎಷ್ಟಿದೆ, ಗಂಡು ಹೆಣ್ಣು ಎರಡೂ ಕಾವು ಕೂರುತ್ತವೆಯೇ, ಅದನ್ನು ಬರೆ. ನಿನ್ನ ಎದೆ ಬಡಿತಕ್ಕಿಂತ ಅದು ಮುಖ್ಯ.

ಶ್ರೀರಂಗಮ್ಮ


ಹಾಸನ
19-4-1998

ಟೀಚರಮ್ಮನವರಿಗೆ,

ನಾಲ್ಕು ಮೊಟ್ಟೆ ಇತ್ತು. ಎರಡೂ ಹಕ್ಕಿ ಸರದಿ ಮೇಲೆ ಕೂತವು. ಬಿಸಿಲು ಜೋರಾದಾಗ ಬಾನಿಗೆ ಬಂದು ಹೊಟ್ಟೆಯ ಪುಕ್ಕ ನೆನೆಸಿಕೊಂಡು ಹೋಗಿ ಮೊಟ್ಟೆ ಮೇಲೆ ನಿಲ್ಲುತ್ತಿದ್ದವು. ನಾಲ್ಕೂ ಮರಿಯಾದವು. ಹತ್ತಿಯ ಉಂಡೆಗೆ ಕಡ್ಡಿ ಸಿಕ್ಕಿಸಿದ ಹಾಗೆ. ಈಗ ಅಪ್ಪ ಅಮ್ಮನ ಜೊತೆ ಕೆರೆ ಕಡೆಗೆ ಹೋಗಿ ಬಂದು ಮಾಡುತ್ತಿವೆ. ಇದು ನೀವು ಕೇಳಿದ್ದು.

ನೀವು ಕೇಳದಿರುವುದನ್ನು ಬರೆಯುತ್ತೇನೆ. ಕಲ್ಲು ಬಿಸಾಡುವುದು ಆಗಲಿಲ್ಲ.

ಬೀದಿಗೆ ಹಾಲು ಹಾಕುವ ಮಾದಮ್ಮನ ಕರು ಕಳೆದುಹೋಗಿತ್ತು. ಅವಳು ಕಲ್ಲಿನ ಮುಂದೆ ನಿಂತು, ತಾಯಿ ನೀನ್ಯಾರೋ ಗೊತ್ತಿಲ್ಲ, ಕರು ಸಿಕ್ಕಿದರೆ ಬಳೆ ತೊಡಿಸುತ್ತೇನೆ ಎಂದು ಹರಕೆ ಹೊತ್ತಳಂತೆ. ಸಾಯಂಕಾಲ ಕರು ನಿಮ್ಮ ಲಂಟಾನ ಪೊದೆಯೊಳಗೇ ಮಲಗಿತ್ತು! ಕಲ್ಲಿಗೆ ಹಸಿರು ಬಳೆ ಬಂತು. ಶುಕ್ರವಾರ ಮೊಸರನ್ನ ಬಂತು. ಹೆಸರೂ ಬಂತು, ಪೊದೆಯಮ್ಮ ಅಂತ. ತೇನೆಹಕ್ಕಿ ಕಣ್ಣಿನ ಹತ್ತಿರ ಕೆಂಪಿದೆಯಲ್ಲ, ಅದು ಅಮ್ಮನ ಕುಂಕುಮವಂತೆ.

ಎಲ್ಲರಿಗಿಂತ ಹೆಚ್ಚು ಬದಲಾದವರು ಷಡಕ್ಷರಿ. ಅವರ ಮಗಳಿಗೆ ಗಂಡು ಗೊತ್ತಾಯಿತು, ಅದೂ ಅಮ್ಮನ ಲೆಕ್ಕಕ್ಕೆ ಹೋಯಿತು. ಈಗ ಅವರೇ ಪೊದೆಯಮ್ಮನ ಸೇವಾ ಸಮಿತಿಯ ಅಧ್ಯಕ್ಷರು. ಪೊದೆ ಇದ್ದರೆ ಹಾವು ಬರುತ್ತದೆ ಎನ್ನುತ್ತಿದ್ದವರು ಈಗ ಪೊದೆ ಇದ್ದರೆ ಭಕ್ತರಿಗೆ ತೊಂದರೆ ಎನ್ನುತ್ತಾರೆ. ದಾರಿ ಮಾಡಲು ಒಂದು ಕಡೆಯ ಹಿಪ್ಪುನೇರಳೆ ಕಡಿಸಿಯೇ ಬಿಟ್ಟರು. ಅದರಲ್ಲಿ ಪಿಕಳಾರದ ಗೂಡಿತ್ತು. ನಾನು ತಡೆಯಲು ಹೋದೆ. “ನಿಮ್ ಟೀಚರಮ್ಮಂಗೆ ನಾನೇ ಕಾಗದ ಬರೀತೀನಿ ಬಿಡಮ್ಮ. ದೇವ್ರು ಬಂದ್ ಕೂತ್ಕಂಡ್ ಮೇಲೆ ಸೈಟು ಯಾರ್ ಹೆಸ್ರಲ್ಲಿದ್ರೇನು?” ಎಂದರು. ಆಮೇಲೆ ಗುಡಿಯ ಮಾತೂ ಶುರುವಾಗಿದೆ.

ನಿಮ್ಮ ಸೈಟನ್ನು ಉಳಿಸಿಕೊಡು ಎಂದಿರಿ. ನಾನೇ ಕಳ್ಳನನ್ನು ಒಳಗೆ ಕರೆದು ಕೂರಿಸಿದ ಹಾಗಾಯಿತು. ಕಳ್ಳ ಎಂದು ಬರೆದದ್ದನ್ನು ಹೊಡೆದುಹಾಕಿದ್ದೇನೆ, ಅಮ್ಮ ಕೋಪ ಮಾಡಿಕೊಂಡರೆ ಎಂದು. ಹೊಡೆದರೂ ಓದಲು ಬರುತ್ತದೆ. ದಯವಿಟ್ಟು ಓದಬೇಡಿ.

ಏನು ಮಾಡಲಿ?

ನಂಜಮ್ಮ


ಹೊಳೆನರಸೀಪುರ
25-4-1998

ನಂಜಮ್ಮ,

ಷಡಕ್ಷರಿಯವರ ಕಾಗದ ಬಂತು. ನನ್ನನ್ನು ‘ದಾನಿಗಳು’ ಎಂದು ಕರೆದಿದ್ದಾರೆ. ನಾನು ಏನನ್ನೂ ದಾನ ಮಾಡಿಲ್ಲ.

ಗಿರಿಧರನಿಗೆ ಇದು ಗೊತ್ತಾದರೆ ಕೋರ್ಟು ಎನ್ನುತ್ತಾನೆ, ಇಲ್ಲವೇ ನಾಳೆಯೇ ಪಾಯ ತೋಡಿಸುತ್ತೇನೆ ಎನ್ನುತ್ತಾನೆ. ಎರಡರಲ್ಲಿ ಯಾವುದಾದರೂ ಹಕ್ಕಿಗಳ ಕತೆ ಮುಗಿಯಿತು. ಇತ್ತ ಗುಡಿಯಾದರೂ ಮುಗಿಯಿತು. ಆದ್ದರಿಂದ ಜನ ಏಳುವ ಮುಂಚೆ ಆ ಕಲ್ಲನ್ನು ಕಿತ್ತು ಕೆರೆಗೆ ಹಾಕಿ ಬಾ. ಇಟ್ಟವಳು ನೀನು, ತೆಗೆಯುವ ಅಧಿಕಾರವೂ ನಿನ್ನದೇ. ಹೆದರಿಕೊಳ್ಳಲು ಅದರಲ್ಲಿ ಏನೂ ಇಲ್ಲ. ಅದು ಯಾರದೋ ಮನೆಯ ಹಳೇ ಮೆಟ್ಟಿಲು ಕಲ್ಲು.

ಕೆಲಸ ಆದ ಮೇಲೆ ಬರೆ, ಅದಕ್ಕೆ ಮುಂಚೆ ಬೇಡ.

ಶ್ರೀರಂಗಮ್ಮ


ಹಾಸನ
8-5-1998

ಟೀಚರಮ್ಮನವರಿಗೆ ನಮಸ್ಕಾರ.

ಕೆಲಸ ಆಗಿಲ್ಲ, ಆದರೂ ಬರೆಯುತ್ತಿದ್ದೇನೆ, ಕ್ಷಮಿಸಿ.

ನೀವು ಹೇಳಿದ ಹಾಗೆ ಬೆಳಗಿನ ಜಾವ ಎದ್ದು ಹೋದೆ. ಹಾರೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದೆ, ಹಾರೆ ಮುಚ್ಚುವಷ್ಟು ಸೆರಗು ಎಲ್ಲಿದೆ ಹೇಳಿ. ಕಲ್ಲಿನ ಮುಂದೆ ಕೂತೆ. ಯಾರದೋ ಮನೆಯ ಮೆಟ್ಟಿಲು, ಯಾರದೋ ಮನೆಯ ಮೆಟ್ಟಿಲು ಎಂದು ನಿಮ್ಮ ಮಾತನ್ನೇ ಬಾಯಲ್ಲಿ ಹೇಳಿಕೊಂಡೆ. ಆದರೆ ಕಲ್ಲಿಗೆ ಬಳೆ ಇತ್ತು, ಮಲ್ಲಿಗೆ ಇತ್ತು, ಯಾರೋ ಬೆಳ್ಳಿಯ ಕಣ್ಣು ಅಂಟಿಸಿದ್ದರು. ಕಣ್ಣು ಇಡುವವರೆಗೆ ಅದು ಕಲ್ಲಾಗಿತ್ತು ಟೀಚರಮ್ಮ. ಈಗ ಅದು ನನ್ನನ್ನು ನೋಡುತ್ತದೆ. ಹಾರೆಯನ್ನು ಮತ್ತೆ ಸೆರಗಿಗೆ ಸೇರಿಸಿಕೊಂಡೆ. ಮನೆಗೆ ಓಡಿ ಬಂದೆ. ನಾಲ್ಕು ದಿನ ಚಳಿಜ್ವರ.

ನಮ್ಮವರು ಕಷಾಯ ಕಾಸಿ ಕೊಡುತ್ತಾ ನಕ್ಕರು. “ಲೇ, ಊರೋರ್ಗೆಲ್ಲ ಕರು ಕೊಡ್ತಾಳೆ, ಗಂಡು ಕೊಡ್ತಾಳೆ. ತಂದಿಟ್ಟೋಳ್ಗೆ ಜ್ವರ ಕೊಟ್ಲಲ್ಲೇ ನಿಮ್ಮಮ್ಮ.” ಇಲ್ಲಿ ಅವರಿಗೆ ಒಬ್ಬರಿಗೇ ನಾನು ಇಟ್ಟದ್ದು ಎಂದು ಗೊತ್ತು. ಅವರಿಗೂ ಭಯವಿದೆ, ನಗುವುದು ಅದಕ್ಕೇ.

ನನ್ನಿಂದ ಆಗುವುದಿಲ್ಲ. ಬೇರೆ ಏನಾದರೂ ದಾರಿ ಹೇಳಿ.

ನಂಜಮ್ಮ


ಹಾಸನ
29-5-1998

ಟೀಚರಮ್ಮನವರಿಗೆ,

ನಿಮ್ಮಿಂದ ಕಾಗದವಿಲ್ಲ. ಕೋಪವಾ, ಹುಷಾರಿಲ್ಲವಾ, ಅಥವಾ ನನ್ನ ಕಾಗದವೇ ಬೇರೆಯವರ ಕೈಗೆ ಹೋಯಿತಾ ಎಂದು ಎಲ್ಲವನ್ನೂ ಯೋಚಿಸಿ ಆಯಿತು. ಆದರೂ ಇದನ್ನು ಬರೆಯಲೇಬೇಕು.

ಹೋದ ಮಂಗಳವಾರ ಬೆಳಿಗ್ಗೆ ನೋಡಿದರೆ ಕಲ್ಲು ಓರೆಯಾಗಿದೆ. ಬುಡದ ಮಣ್ಣು ಕೆದರಿದೆ. ಹೂವು ಚೆಲ್ಲಾಪಿಲ್ಲಿ. ನಾನಲ್ಲ ಟೀಚರಮ್ಮ, ನಿಮ್ಮ ಆಣೆ ನಾನಲ್ಲ. ಹೆಗ್ಗಣ ಎಂದುಕೊಳ್ಳೋಣ ಎಂದರೆ ಹೆಗ್ಗಣ ಅಷ್ಟು ಭಾರದ ಕಲ್ಲನ್ನು ಅಲ್ಲಾಡಿಸುತ್ತದಾ? ಮಾದಮ್ಮ ಹಾಲಿನ ಕ್ಯಾನು ಬಿಟ್ಟು ಅಲ್ಲೇ ಕೂತು ಅತ್ತಳು. ಅಮ್ಮ ಮುನಿಸಿಕೊಂಡು ಎದ್ದು ಹೊರಟಿದ್ದಾಳೆ, ಅರ್ಧಕ್ಕೆ ನಿಂತಿದ್ದಾಳೆ ಎಂದರು ಎಲ್ಲ.

ಚನ್ನರಾಯಪಟ್ಟಣದ ಕಡೆಯಿಂದ ಅಪ್ಪಣೆ ಹೇಳುವ ಚಿಕ್ಕಯ್ಯ ಎಂಬವರನ್ನು ಷಡಕ್ಷರಿ ಕರೆಸಿದರು. ಓರೆ ಕಲ್ಲಿನ ಮೇಲೆ ನೀರಿನಲ್ಲಿ ನೆನೆಸಿದ ಹೂ ಅಂಟಿಸಿ ಹೂ ಕೇಳಿದರು. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಇಲ್ಲ. ಗುಡಿ ಬೇಕಾ ತಾಯಿ ಎಂದರು, ಬಲಕ್ಕೆ ಬಿತ್ತು. ರಕ್ತ ಬೇಕಾ ಎಂದರು, ಬಲಕ್ಕೆ. ಕಲ್ಲೇ ಬಲಕ್ಕೆ ವಾಲಿದೆ, ಹೂ ಇನ್ನೆಲ್ಲಿಗೆ ಬೀಳಬೇಕು? ಇದನ್ನು ಜೋರಾಗಿ ಹೇಳುವ ಧೈರ್ಯ ನನಗೆ ಬರಲಿಲ್ಲ. ಜೂನ್ ಹದಿನಾರು, ಮಂಗಳವಾರಕ್ಕೆ ಗೊತ್ತಾಗಿದೆ. ಅವತ್ತು ಪೊದೆಯೆಲ್ಲ ಸವರಿ, ಶಾಮಿಯಾನ ಹಾಕಿ, ಕುರಿ ಕಡಿದು, ಗುಡಿಗೆ ಗುದ್ದಲಿ ಪೂಜೆ.

ಇನ್ನೊಂದು ಸಂಗತಿ. ತೇನೆಹಕ್ಕಿ ಮತ್ತೆ ಮೊಟ್ಟೆ ಇಟ್ಟಿದೆ. ಈ ಸಲ ಕಲ್ಲಿಗೆ ಇನ್ನೂ ಹತ್ತಿರ, ಒಂದು ಗೇಣು ಅಷ್ಟೆ. ಕಲ್ಲಿನ ಹಿಂದುಗಡೆ ಯಾರೂ ತುಳಿಯುವುದಿಲ್ಲ ಎಂದು ಅದಕ್ಕೂ ಗೊತ್ತಾಗಿದೆ. ಸರಿಯಾಗಿ ಅಲ್ಲೇ ಗುದ್ದಲಿ ಬೀಳುವುದು.

ನೀವು ಬರದಿದ್ದರೆ ಎಲ್ಲ ಹೋಯಿತು. ಒಂದು ಸಲ ಬನ್ನಿ ಟೀಚರಮ್ಮ. ನೀವು ಎದುರಿಗೆ ನಿಂತು ಒಂದು ಮಾತು ಹೇಳಿದರೆ ಷಡಕ್ಷರಿ ಕೇಳುತ್ತಾರೆ.

ನಂಜಮ್ಮ


(ಕಾರ್ಡು)
ಹೊಳೆನರಸೀಪುರ
4-6-1998

ಚಿ. ನಂಜಮ್ಮನಿಗೆ,

ಕಾಗದ ತಲುಪಿತು. ನಾನು ಬರಲಾರೆ. ಓರೆಯಾದದ್ದಕ್ಕೆ ನೀನು ಭಯಪಡಬೇಡ, ಯಾವುದಕ್ಕೂ ಒಂದು ಕಾರಣ ಇದ್ದೇ ಇರುತ್ತದೆ. ಅಲ್ಲಿರುವವಳು ನೀನು. ನಿನಗೆ ಹೇಗೆ ತೋರುತ್ತದೋ ಹಾಗೆ ಮಾಡು, ನಾನು ಏನೂ ಅನ್ನುವುದಿಲ್ಲ.

ಶ್ರೀರಂಗಮ್ಮ


ಹಾಸನ
18-6-1998

ಟೀಚರಮ್ಮನವರಿಗೆ ನಂಜಮ್ಮ ಮಾಡುವ ನಮಸ್ಕಾರ.

ಕಾರ್ಡಿನಲ್ಲಿ ಬರೆಯಬೇಡಿ ಎಂದಿದ್ದೆ, ನೀವು ಕಾರ್ಡಿನಲ್ಲೇ ಬರೆದಿರಿ. ನನ್ನನ್ನು ಕೈಬಿಟ್ಟಿರಿ ಎಂದು ತಿಳಿದುಕೊಂಡೆ. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮೊನ್ನೆ ಮಂಗಳವಾರ ನಡೆದದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ನಡುವೆ ಸ್ವಲ್ಪ ನನಗೆ ತಿಳಿಯದು, ಅದನ್ನು ಮಾದಮ್ಮ ಹೇಳಿದ ಹಾಗೆ ಬರೆಯುತ್ತೇನೆ.

ನಾನು ಒಂದು ಸುಳ್ಳು ತಯಾರು ಮಾಡಿಕೊಂಡಿದ್ದೆ. ಅಮ್ಮ ಕನಸಿನಲ್ಲಿ ಬಂದು ಪೊದೆ ಕಡಿಯಬೇಡಿ ಎಂದಳು ಅಂತ ಹೇಳುವುದು. ಮೊದಲ ಸುಳ್ಳಿನಿಂದ ಆದ ಗಾಯಕ್ಕೆ ಎರಡನೇ ಸುಳ್ಳಿನ ಪಟ್ಟಿ. ಒಲೆ ಮುಂದೆ ಕೂತು ಅದನ್ನೇ ಹೇಳಿ ಹೇಳಿ ಅಭ್ಯಾಸ ಮಾಡಿದೆ. ಸ್ಕೂಲಿನಲ್ಲಿ ಪದ್ಯ ಒಪ್ಪಿಸುವಾಗ ನನಗೆ ಬಾಯಿ ಒಣಗುತ್ತಿತ್ತಲ್ಲ, ಹಾಗೇ ಒಣಗಿತು.

ಜನ ಸೇರಿದ್ದರು. ಶಾಮಿಯಾನದ ಗೂಟ ಹೊಡೆದಿದ್ದರು. ಕುರಿಯನ್ನು ನಿಮ್ಮ ಗಸಗಸೆ ಗಿಡಕ್ಕೆ ಕಟ್ಟಿದ್ದರು, ಅದು ಅದರ ಎಲೆಯನ್ನೇ ತಿನ್ನುತ್ತಿತ್ತು. ಚಿಕ್ಕಯ್ಯ ಧೂಪ ಹಾಕಿದರು. ಷಡಕ್ಷರಿ ಸನ್ನೆ ಮಾಡಿದರು, ಆಳು ಲಂಟಾನಕ್ಕೆ ಮೊದಲ ಏಟು ಹಾಕಿದ. ಕೆಂಬೂತ ಪೊದೆಯಿಂದ ಬಿದ್ದ ಹಾಗೆ ಹೊರಗೆ ಬಂತು. ತೇನೆಹಕ್ಕಿ ಮೊಟ್ಟೆ ಬಿಟ್ಟು ಮೇಲಕ್ಕೆದ್ದು ಕಿರುಚತೊಡಗಿತು. ನಾನು ಕನಸಿನ ಮಾತು ಹೇಳಲು ಒಂದು ಹೆಜ್ಜೆ ಮುಂದಕ್ಕಿಟ್ಟೆ. ಅಷ್ಟೇ ನನಗೆ ಗೊತ್ತಿರುವುದು.

ಮಾದಮ್ಮ ಹೇಳುವುದು ಏನೆಂದರೆ, ನಾನು ನಡುಗಲು ಶುರು ಮಾಡಿದೆನಂತೆ. ತಲೆಗೂದಲು ಬಿಚ್ಚಿಹೋಯಿತಂತೆ. ಆಳಿನ ಕೈಯಿಂದ ಕತ್ತಿ ಕಿತ್ತು ಎಸೆದು, ಷಡಕ್ಷರಿಯವರ ಎದುರು ನಿಂತು, ಇಷ್ಟು ಹೇಳಿದೆನಂತೆ:

“ಯಾರ್ಲಾ ನನ್ ಸೀರೆಗೆ ಕತ್ತಿ ಹಾಕ್ದೋನು? ಸೂರು ಕೇಳಿದ್ನೇನ್ಲಾ ನಾನು? ರಕ್ತ ಕೇಳಿದ್ನಾ? ನನ್ ಮಕ್ಕಳ್ಗೆ ನೀರಿಡ್ರಲಾ. ನೀರಿಟ್ಟು ದೂರ ನಿಂತ್ಕಳ್ರಿ.”

ಷಡಕ್ಷರಿಯವರನ್ನು ಲಾ ಎಂದೆನಂತೆ! ಅವರ ಎದುರು ಸರಿಯಾಗಿ ಕತ್ತೆತ್ತಿ ನಿಂತವಳಲ್ಲ ನಾನು. ಅವರು ಅಲ್ಲೇ ಮಣ್ಣಿನಲ್ಲಿ ಅಡ್ಡಬಿದ್ದರಂತೆ. ಚಿಕ್ಕಯ್ಯ ನನ್ನನ್ನು ಬಹಳ ಹೊತ್ತು ದಿಟ್ಟಿಸಿ ನೋಡಿ, “ಆಯ್ತು ಕಣವ್ವ, ನಿನ್ನಪ್ಪಣೆ” ಎಂದು ಧೂಪ ಆರಿಸಿ ಹೊರಟುಹೋದರಂತೆ. ನನಗೆ ಎಚ್ಚರವಾದಾಗ ಮುಖಕ್ಕೆ ನೀರು ಹಾಕುತ್ತಿದ್ದರು. ಶಾಮಿಯಾನ ಬಿಚ್ಚಿದ್ದರು. ಕುರಿಯನ್ನು ಅದರ ಯಜಮಾನನೇ ಹೊಡೆದುಕೊಂಡು ಹೋಗಿದ್ದ. ಮೊಟ್ಟೆಗಳಿಗೆ ಏನೂ ಆಗಿರಲಿಲ್ಲ.

ಪೊದೆಯಮ್ಮನಿಗೆ ಪೊದೆಯೇ ಸೀರೆ, ಮುಟ್ಟಿದವರ ಮನೆ ಹಾಳಾಗುತ್ತದೆ ಎಂದು ಈಗ ಬೀದಿಯೆಲ್ಲ ಮಾತು. ನಿನ್ನೆ ಷಡಕ್ಷರಿಯವರ ಹೆಂಡತಿ ಮಣ್ಣಿನ ತಟ್ಟೆ ತಂದು ನೀರಿಟ್ಟು ಹೋದರು. ನಿಮ್ಮ ಹಕ್ಕಿಗಳು ಉಳಿದವು. ನಿಮ್ಮ ಸೈಟು ಉಳಿಯಿತೋ ಹೋಯಿತೋ ನನಗೆ ಹೇಳಲು ಬರುವುದಿಲ್ಲ. ಅಲ್ಲಿ ಇನ್ನು ಯಾರೂ ಮನೆ ಕಟ್ಟಲಾರರು, ನಿಮ್ಮ ಮಗನೂ.

ಎಲ್ಲರಿಗೂ ಸಂತೋಷವಾಗಿದೆ, ನನಗೆ ಊಟ ಸೇರುತ್ತಿಲ್ಲ. ನಾನು ಹೇಳಬೇಕೆಂದಿದ್ದದ್ದು ಕನಸಿನ ಮಾತು. ಸೀರೆಯ ಮಾತನ್ನು ನಾನು ಯೋಚಿಸಿಯೇ ಇರಲಿಲ್ಲ. ಅದು ಎಲ್ಲಿಂದ ಬಂತು? ಹೆದರಿಕೆಯಲ್ಲಿ ನಾನೇ ಆಡಿದೆನಾ? “ಅದು ನಿನ್ ದನಿ ಅಲ್ಲ ಕಣವ್ವ” ಎನ್ನುತ್ತಾಳೆ ಮಾದಮ್ಮ. ನಮ್ಮವರನ್ನು ಕೇಳೋಣ ಎಂದರೆ ಅವರು ಮಾತು ತಪ್ಪಿಸುತ್ತಾರೆ. ಮದುವೆಯಾದಾಗಿನಿಂದ ನನ್ನನ್ನು ಲೇ ಎನ್ನುತ್ತಿದ್ದವರು ಮೊನ್ನೆಯಿಂದ ನಂಜಮ್ಮ ಎನ್ನುತ್ತಿದ್ದಾರೆ. ತಟ್ಟೆಯನ್ನು ತಾವೇ ತೊಳೆದಿಡುತ್ತಾರೆ. ಎಲ್ಲಕ್ಕಿಂತ ನನಗೆ ಅದೇ ಹೆದರಿಕೆ.

ಅವತ್ತು ಮಾತಾಡಿದ್ದು ಯಾರು ಟೀಚರಮ್ಮ? ನೀವು ಓದಿದವರು. ಗೊತ್ತಿದ್ದರೆ ಬರೆಯಿರಿ.

ನಂಜಮ್ಮ


ಹೊಳೆನರಸೀಪುರ
27-6-1998

ಪ್ರೀತಿಯ ನಂಜಮ್ಮ,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಕೂತು ಎರಡು ಸಲ ಎದ್ದೆ. ಮೊದಲು ನನ್ನದನ್ನು ಹೇಳದೆ ನಿನ್ನದಕ್ಕೆ ಉತ್ತರ ಬರೆಯುವುದು ಸರಿಯಲ್ಲ.

ಮೇ ತಿಂಗಳ ಆ ಮಂಗಳವಾರ ಕಲ್ಲನ್ನು ಓರೆ ಮಾಡಿದವಳು ನಾನು.

ನಿನ್ನಿಂದ ಆಗುವುದಿಲ್ಲ ಎಂದು ಬರೆದೆಯಲ್ಲ, ನನಗೆ ಸಿಟ್ಟು ಬಂತು. ಹೆದರುಪುಕ್ಕಲಿ, ನಾನೇ ಹೋಗಿ ಬಿಸಾಡುತ್ತೇನೆ ಎಂದುಕೊಂಡೆ. ಹಿಂದಿನ ದಿನವೇ ಬಂದು ಹಾಸನದಲ್ಲಿ ನೆಂಟರ ಮನೆಯಲ್ಲಿ ಉಳಿದೆ. ಬೆಳಕು ಹರಿಯುವ ಹೊತ್ತಿಗೆ ಸೈಟಿಗೆ ಬಂದೆ. ಕೈಯಿಂದಲೇ ಬುಡ ಕೆದರಿದೆ, ಎರಡು ಕೈಯಲ್ಲಿ ಹಿಡಿದು ನೂಕಿದೆ. ಕಲ್ಲು ವಾಲಿತು. ಆಗ ತಲೆಯ ಮೇಲೆ ಏನೋ ಕಿರುಚಿಕೊಂಡು ಎರಗಿತು. ಮತ್ತೆ ಎದ್ದು ಮತ್ತೆ ಎರಗಿತು. ರೆಕ್ಕೆಯ ಗಾಳಿ ಕಿವಿಗೆ ತಾಗಿತು.

ತೇನೆಹಕ್ಕಿ ಎಂದು ನನಗೆ ಗೊತ್ತಿತ್ತು. ಮೊಟ್ಟೆ ಇಟ್ಟಿರಬೇಕು, ಅದಕ್ಕೇ ಹಾಗೆ ಮಾಡುತ್ತಿದೆ ಎಂದೂ ಗೊತ್ತಿತ್ತು. ಎಲ್ಲ ಗೊತ್ತಿದ್ದೂ, ನಂಜಮ್ಮ, ನಾನು ಅಲ್ಲೇ ಕೆನ್ನೆ ಬಡಿದುಕೊಂಡೆ. ತಪ್ಪಾಯಿತು ತಾಯಿ ಎಂದೆ, ಬಾಯಿಬಿಟ್ಟು ಎಂದೆ. ಮಡಿ ಮೈಲಿಗೆ ಎಲ್ಲ ಎಂದೋ ಬಿಟ್ಟವಳು, ಹರದನಹಳ್ಳಿಯಲ್ಲಿ ನಿಮಗೆಲ್ಲ ದೆವ್ವವಿಲ್ಲ ಎಂದು ಪಾಠ ಹೇಳಿದವಳು. ಕೈಯ ಮಣ್ಣು ಸಹ ತೊಳೆಯದೆ ಬಸ್‌ಸ್ಟ್ಯಾಂಡಿಗೆ ಓಡಿದೆ. ಆಮೇಲೆ ಚಿಕ್ಕಯ್ಯ, ಕುರಿ, ಗುಡಿ, ಎಲ್ಲ ನಾನು ವಾಲಿಸಿದ ಕಲ್ಲಿನಿಂದಲೇ ಆಯಿತು ಎಂದು ನಿನ್ನ ಕಾಗದ ನೋಡಿ ತಿಳಿಯಿತು. ಕಾರ್ಡಿನಲ್ಲಿ ಬರೆದದ್ದು ಅದಕ್ಕೇ. ಕಾರ್ಡಿನಲ್ಲಾದರೆ ಹೆಚ್ಚು ಬರೆಯಬೇಕಾಗಿಲ್ಲವಲ್ಲ. ನಿನ್ನನ್ನು ಕೈಬಿಟ್ಟದ್ದಲ್ಲ. ನನಗೆ ಅಲ್ಲಿಗೆ ಬರಲು ಧೈರ್ಯವಿರಲಿಲ್ಲ.

ಗಿರಿಧರನಿಗೆ ಎಲ್ಲ ಹೇಳಿದೆ. ನೀವಿಬ್ಬರೂ ಸೇರಿ ನನ್ನ ಮನೆಗೆ ಕಲ್ಲು ಹಾಕಿದಿರಿ ಎಂದ. ತಪ್ಪೇನಿಲ್ಲ, ನಿಜವೇ. ಎದ್ದು ಅರಕಲಗೂಡಿಗೆ ಹೋದವನು ಇನ್ನೂ ಮಾತಾಡಿಲ್ಲ. ಸೈಟು ಹೀಗೆಯೇ ಇರಲಿ ಎಂದು ನಾನು ತೀರ್ಮಾನಿಸಿದ್ದೇನೆ. ನನಗೆ ಬೇಕಾಗಿದ್ದದ್ದೂ ಅದೇ ತಾನೇ. ಆದರೆ ಹೀಗೆ ಸಿಗುತ್ತದೆ ಎಂದುಕೊಂಡಿರಲಿಲ್ಲ.

ಅವತ್ತು ಮಾತಾಡಿದ್ದು ಯಾರು ಎಂದು ಕೇಳಿದ್ದೀಯ. ನನಗೆ ಗೊತ್ತಿಲ್ಲ. ಟೀಚರಾಗಿ ಈ ಮಾತನ್ನು ಬರೆಯುತ್ತಿರುವುದು ಇದೇ ಮೊದಲು.

ಶ್ರೀರಂಗಮ್ಮ


ಹಾಸನ
5-7-1998

ಟೀಚರಮ್ಮನವರಿಗೆ ನಂಜಮ್ಮನ ನಮಸ್ಕಾರ.

ನಮ್ಮ ಬಾಗಿಲ ಮುಂದೆಯೇ ಹೋಗಿದ್ದೀರಿ, ತಟ್ಟಲಿಲ್ಲ. ಒಲೆ ಹಚ್ಚಿದ್ದೆ, ಕಾಫಿಗೆ ನೀರಿಟ್ಟಿದ್ದೆ. ಕೈಗೆ ನೀರನ್ನಾದರೂ ಹಾಕುತ್ತಿದ್ದೆ. ಕಲ್ಲು ವಾಲಿಸಿದ್ದಕ್ಕೆ ನನಗೆ ಏನೂ ಬೇಸರವಿಲ್ಲ, ಇದಕ್ಕೆ ಇದೆ.

ಆದರೂ ನಿಮ್ಮ ಕಾಗದ ಓದಿ ಎದೆ ಬಡಿತ ಸ್ವಲ್ಪ ಇಳಿಯಿತು. ಹೆಗ್ಗಣವೂ ಅಲ್ಲ ಅಮ್ಮನೂ ಅಲ್ಲ, ನೀವು. ಹಾಗಾದರೆ ಉಳಿದದ್ದಕ್ಕೂ ಏನೋ ಕಾರಣ ಇರಬಹುದು ಎಂದುಕೊಂಡೆ. ಆ ಮೇಲೆ, ನಿಮಗೇ ಗೊತ್ತಿಲ್ಲ ಎಂದ ಸಾಲು ಓದಿ ಬಡಿತ ಮತ್ತೆ ಏರಿತು.

ಮೊಟ್ಟೆ ಮೂರು ಮರಿಯಾದವು, ಒಂದು ಒಡೆಯಲಿಲ್ಲ. ಮಳೆ ಹಿಡಿದಿದೆ. ನವಣೆ ಎರಚಿದ್ದೇನೆ. ಕಡಿದ ಹಿಪ್ಪುನೇರಳೆ ಬುಡದಿಂದ ಚಿಗುರಿದೆ. ನಿನ್ನೆ ನಮ್ಮವರು ಮಂಡಿಯಿಂದ ಸುಸ್ತಾಗಿ ಬಂದು, ಮರೆತು, “ಲೇ, ನೀರು ತಾರೇ” ಎಂದರು. ಆಮೇಲೆ ನಾಲಿಗೆ ಕಚ್ಚಿಕೊಂಡರು. ನಾನು ಕೇಳಿಸದವಳ ಹಾಗೆ ಒಳಗೆ ಹೋಗಿ ನೀರು ತಂದುಕೊಟ್ಟೆ. ಎಷ್ಟು ಸಮಾಧಾನವಾಯಿತು ಎಂದರೆ, ಅತ್ತುಬಿಡುತ್ತಿದ್ದೆ.

ಇವತ್ತು ಬೆಳಿಗ್ಗೆ ತಲೆಗೆ ಸ್ನಾನ ಮಾಡಿ ಸೈಟಿಗೆ ಹೋದೆ. ಇಟ್ಟವಳು ನಾನೇ ಎಂದು ಗೊತ್ತಿದ್ದರೂ ಈಗ ಸ್ನಾನ ಮಾಡದೆ ಆ ಕಡೆ ಹೋಗಲು ಆಗುವುದಿಲ್ಲ. ನೀವು ವಾಲಿಸಿದ ಕಲ್ಲನ್ನು ನೆಟ್ಟಗೆ ಮಾಡಿ ಬುಡಕ್ಕೆ ಮಣ್ಣು ಒತ್ತೋಣ ಎಂದು ಬಗ್ಗಿದೆ. ಮರಿಗಳು ಅಲ್ಲೇ ಎಲ್ಲೋ ಹುಲ್ಲಿನಲ್ಲಿದ್ದವೇನೋ. ತಾಯಿ ಹಕ್ಕಿ ಕಿರುಚಿಕೊಂಡು ನೆತ್ತಿಯ ಮೇಲೆ ಎರಗಿತು. ನಾನೂ ನಿಮ್ಮ ಹಾಗೇ ಓಡಿ ಬಂದೆ.

ಕಲ್ಲು ಓರೆಯಾಗಿಯೇ ಇದೆ. ಇರಲಿ ಎಂದು ಬಿಟ್ಟಿದ್ದೇನೆ.

ನಿಮ್ಮ
ನಂಜಮ್ಮ